ಎಂಜಿನ್ನುಗಳ ನಂಬರು ಬರೆದುಕೊಂಡವರು

ನಿಲ್ದಾಣಕ್ಕೆ ರೈಲು ಬಂದು ನಿಂತಾಗ ನಮ್ಮಲ್ಲಿ ಬಹುಮಂದಿ ಮೊದಲು ನೋಡುವುದು ಕುಳಿತುಕೊಳ್ಳಲು ಜಾಗವಿದೆಯೇ ಎಂಬುದನ್ನು. ಎಂಜಿನ್ನಿನ ಮೇಲೆ ಯಾವ ಸಂಖ್ಯೆ ಬರೆದಿದೆ ಎಂದು ನೋಡುವವರು ವಿರಳ. ಬ್ರಿಟನ್ನಿನಲ್ಲಿ ಆ ಸಂಖ್ಯೆಯೊಂದನ್ನೇ ನೋಡುವುದಕ್ಕಾಗಿ ನಿಲ್ದಾಣಕ್ಕೆ ಹೋಗುವ ಜನರಿದ್ದಾರೆ. ಅವರು ಎಲ್ಲಿಗೂ ಪ್ರಯಾಣ ಮಾಡುವವರಲ್ಲ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಗಾಳಿಮಳೆಗಳನ್ನು ಲೆಕ್ಕಿಸದೆ ನಿಂತು, ಬಂದುಹೋದ ಎಂಜಿನ್ನುಗಳ ನಂಬರುಗಳನ್ನು ಕಿರುಹೊತ್ತಿಗೆಯಲ್ಲಿ ಬರೆದುಕೊಂಡು, ಸಂಜೆಗೆ ಮನೆಗೆ ಹಿಂದಿರುಗುತ್ತಾರೆ. ಈ ಹವ್ಯಾಸಕ್ಕೆ ಟ್ರೇನ್ ಸ್ಪಾಟಿಂಗ್ ಎಂದು ಹೆಸರು. ಅವರು ತೊಡುವ ಟೊಪ್ಪಿಗೆಯುಳ್ಳ ಅಂಗಿಗೆ ಅನೋರಾಕ್ ಎನ್ನುತ್ತಾರೆ. ಕೆಲಸಕ್ಕೆ ಬಾರದ ವಿವರಗಳನ್ನು ತಲೆಯಲ್ಲಿ ತುಂಬಿಕೊಂಡವನಿಗೆಲ್ಲ ಇಂಗ್ಲಿಷಿನಲ್ಲಿ ಈಗ ಅದೇ ಅಡ್ಡಹೆಸರು. ಈ ಹಾಸ್ಯ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು, ವೇಲ್ಸ್ ನಾಡನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದಿದ್ದೇನೆ.

ಈ ವಿಷಯದಲ್ಲಿ ನಾನು ತಟಸ್ಥನೆಂದು ಹೇಳಿಕೊಳ್ಳಲಾರೆ. ಬೀರೂರು ಜಂಕ್ಷನ್ನಿನ ಆಸುಪಾಸಿನಲ್ಲಿ ಬೆಳೆದ ನನಗೆ ಮೀಟರ್ ಗೇಜಿನ ಉಗಿ ಎಂಜಿನ್ನುಗಳ ಸಂಖ್ಯೆಗಳನ್ನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುವ ಅಭ್ಯಾಸವಿತ್ತು. ಆಮೇಲೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಳಗನ್ನಡ ಪಾಠ ಹೇಳಿ ನಿವೃತ್ತನಾದೆ. ಅಭ್ಯಾಸ ಮಾತ್ರ ನಿವೃತ್ತವಾಗಲಿಲ್ಲ. ಮಗಳು ಕಾರ್ಡಿಫ್ ನಗರದಲ್ಲಿ ನೆಲೆಸಿದ್ದರಿಂದ ಮೂರು ಬಾರಿ ವೇಲ್ಸಿಗೆ ಹೋಗಿ ತಿಂಗಳುಗಟ್ಟಲೆ ಇರುವ ಅವಕಾಶ ದೊರೆಯಿತು. ಕೋಟೆಗಳನ್ನು ನೋಡಿ ಬನ್ನಿ ಎಂದು ಅಳಿಯಂದಿರು ಹೇಳುತ್ತಿದ್ದರು. ನಾನು ನೋಡಿದ್ದು ಹೆಚ್ಚಾಗಿ ರೈಲುಗಳನ್ನೇ.

ರೈಲಿನ ಚರಿತ್ರೆಯಲ್ಲಿ ವೇಲ್ಸಿನ ಸ್ಥಾನ ದೊಡ್ಡದು. ಉಗಿ ಎಂಜಿನ್ನೊಂದು ಹಳಿಯ ಮೇಲೆ ಭಾರವನ್ನೆಳೆದುಕೊಂಡು ಮೊದಲ ಬಾರಿಗೆ ದೂರ ಸಾಗಿದ್ದು ಅಲ್ಲಿಯೇ. 1804ರ ಫೆಬ್ರವರಿ 21ರಂದು ರಿಚರ್ಡ್ ಟ್ರೆವಿಥಿಕ್ ಎಂಬಾತ ನಿರ್ಮಿಸಿದ ಎಂಜಿನ್ನು ಮರ್ಥರ್ ಟಿಡ್ವಿಲ್ ಊರಿನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಎಳೆದುಕೊಂಡು ಒಂಬತ್ತು ಮೈಲಿಗೂ ಹೆಚ್ಚು ದೂರವನ್ನು ನಾಲ್ಕು ಗಂಟೆಗಳಲ್ಲಿ ಕ್ರಮಿಸಿತು. ನಡೆದು ಹೋಗಿದ್ದರೆ ಬೇಗ ತಲಪಬಹುದಾಗಿತ್ತು ಎನ್ನುವುದು ಬೇರೆ ಮಾತು. ಮುಂದೆ ದಕ್ಷಿಣದ ಕಣಿವೆಗಳಿಂದ ಕಲ್ಲಿದ್ದಲನ್ನು ಕಡಲಿಗೆ ಇಳಿಸಲೆಂದು ಒಂದೊಂದು ಕಣಿವೆಗೂ ಹಳಿ ಬಂದಿತು; ಎರಡು ಕಂಪೆನಿಗಳು ಒಂದೇ ಕಣಿವೆಯ ಎರಡು ಮಗ್ಗುಲುಗಳಲ್ಲಿ ಹಳಿ ಹಾಸಿ ಜಗಳವಾಡಿದ್ದೂ ಉಂಟು. ಬ್ಯಾರಿ ಎಂಬ ಒಂದೇ ಬಂದರಿನಿಂದ 1913ರಲ್ಲಿ ಹೊರಟ ಕಲ್ಲಿದ್ದಲು ಒಂದು ಕೋಟಿ ಹತ್ತು ಲಕ್ಷ ಟನ್ನು. ಉತ್ತರದ ಬೆಟ್ಟಗಳಲ್ಲಿ ಕಲ್ಲಿದ್ದಲಿನ ಬದಲು ಸ್ಲೇಟು. ನಾವು ಅಕ್ಷರ ತಿದ್ದಿದ ಸ್ಲೇಟಿನ ಜಾತಿಯ ಕಲ್ಲೇ. ಯೂರೋಪಿನ ಎಷ್ಟೋ ನಗರಗಳ ಮನೆಗಳಿಗೆ ಅದು ಹೆಂಚಾಯಿತು. ಅದನ್ನು ಸಾಗಿಸಲು ಎರಡಡಿ ಅಗಲದ ಪುಟ್ಟ ಹಳಿಗಳು ಹುಟ್ಟಿಕೊಂಡವು.

ಇಂಥ ನಾಡಿನ ಹುಡುಗರಿಗೆ ರೈಲಿನ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ. ಆದರೆ ಹುಚ್ಚಿಗೊಂದು ಶಾಸ್ತ್ರ ದೊರೆತದ್ದು 1942ರಲ್ಲಿ. ಇಂಗ್ಲೆಂಡಿನ ಸದರ್ನ್ ರೈಲ್ವೆಯ ಕಚೇರಿಯಲ್ಲಿ ಕೆಲಸಕ್ಕಿದ್ದ ಇಯಾನ್ ಆಲನ್ ಎಂಬ ಇಪ್ಪತ್ತರ ತರುಣನಿಗೆ, ನಿಮ್ಮ ಎಂಜಿನ್ನುಗಳ ವಿವರ ಕೊಡಿ ಎಂದು ಸಾರ್ವಜನಿಕರು ಬರೆಯುತ್ತಿದ್ದ ಪತ್ರಗಳಿಗೆ ಉತ್ತರ ಕೊಟ್ಟು ಸಾಕಾಗಿತ್ತು. ಸಂಖ್ಯೆಗಳನ್ನೆಲ್ಲ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಮಾರಿದ. ಅದು ಬೇಗನೆ ಮುಗಿದುಹೋಯಿತು. ಉಳಿದ ರೈಲ್ವೆಗಳ ಪುಸ್ತಕಗಳೂ ಬಂದವು. ಕಂಡ ಎಂಜಿನ್ನಿನ ಸಂಖ್ಯೆಯ ಕೆಳಗೆ ಗೆರೆ ಎಳೆಯಬೇಕು. ಒಂದು ವರ್ಗದ ಎಲ್ಲ ಸಂಖ್ಯೆಗಳಿಗೂ ಗೆರೆ ಬಿದ್ದರೆ ಅದು ಪರಮಪದ. ಹಳಿಯ ಮೇಲೆ ಅಡ್ಡಾಡುವುದಿಲ್ಲವೆಂದು ಮಾತು ಕೊಟ್ಟ ಹುಡುಗರಿಗಾಗಿ ಆತ ಒಂದು ಸಂಘವನ್ನೂ ಕಟ್ಟಿದ.

ಆಗಿನ ಬ್ರಿಟನ್ನಿನಲ್ಲಿ ಇಪ್ಪತ್ತು ಸಾವಿರದಷ್ಟು ಉಗಿ ಎಂಜಿನ್ನುಗಳು ಓಡುತ್ತಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ರೈಲ್ವೆಗಳ ರಾಷ್ಟ್ರೀಕರಣವಾದಾಗ ಉಳಿದ ಕಂಪೆನಿಗಳ ಎಂಜಿನ್ನುಗಳಿಗೆಲ್ಲ ಹೊಸ ಸಂಖ್ಯೆ ಬಂದಿತು. ವೇಲ್ಸಿನ ದಕ್ಷಿಣ ಭಾಗವನ್ನಾಳುತ್ತಿದ್ದ ಗ್ರೇಟ್ ವೆಸ್ಟರ್ನ್ ಎಂಜಿನ್ನುಗಳಿಗೆ ಮಾತ್ರ ಹಳೆಯ ಸಂಖ್ಯೆಯೇ ಉಳಿಯಿತು. ಅವು ಬಣ್ಣದಲ್ಲಿ ಬರೆದವಲ್ಲ, ಎರಕ ಹೊಯ್ದ ಲೋಹದ ಫಲಕಗಳು. ಎಂಜಿನ್ನಿನ ಮುಂಭಾಗದಲ್ಲಿ ಇನ್ನೊಂದು ಚಿಕ್ಕ ಫಲಕ, ಅದು ಯಾವ ಷೆಡ್ಡಿಗೆ ಸೇರಿದ್ದೆಂದು ಹೇಳುವ ಗುರುತು. ಬಲ್ಲ ಹುಡುಗನಿಗೆ ಈ ಎರಡು ಫಲಕಗಳಿಂದಲೇ ಎಂಜಿನ್ನಿನ ವಂಶ, ವಯಸ್ಸು, ಊರು ಎಲ್ಲವೂ ತಿಳಿಯುತ್ತಿತ್ತು. ಶಾಸನದ ಲಿಪಿಯನ್ನು ಕಂಡೊಡನೆ ಇದು ಇಂಥ ಶತಮಾನದ್ದು ಎನ್ನುವ ವಿದ್ವಾಂಸರನ್ನು ನಾವು ಗೌರವಿಸುತ್ತೇವಲ್ಲ, ಇದೂ ಅದೇ ಜಾತಿಯ ವಿದ್ಯೆ ಎಂದು ನನ್ನ ಭಾವನೆ.

ವಿದ್ಯೆಯೇನೋ ಹೌದು, ಪ್ರಯೋಜನವೇನು? ಇದಕ್ಕೆ ಮೊದಲ ಉತ್ತರ ದೊರೆತದ್ದು ವೇಲ್ಸಿನ ಪಡುವಣ ಕರಾವಳಿಯ ಟವಿನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ಬೆಟ್ಟದ ಸ್ಲೇಟು ಗಣಿಯ ಕಡೆಗೆ 1860ರ ದಶಕದಲ್ಲಿ ಹಾಕಿದ ಟಾಲಿಲ್ಲಿನ್ ಎಂಬ ಪುಟ್ಟ ರೈಲುಮಾರ್ಗವಿತ್ತು. ಹಳಿಯ ಅಗಲ ಎರಡಡಿ ಮೂರಂಗುಲ. ರಾಷ್ಟ್ರೀಕರಣದ ಪಟ್ಟಿಯಲ್ಲಿಯೂ ಸೇರದಷ್ಟು ಅಲ್ಪವಾದದ್ದು. ಗಣಿ ನಿಂತುಹೋದ ಮೇಲೆಯೂ, ತಾನು ಬದುಕಿರುವವರೆಗೆ ರೈಲು ಓಡಬೇಕೆಂದು ಅದರ ಒಡೆಯ ಸರ್ ಹೆನ್ರಿ ಹೇಡನ್ ಜೋನ್ಸ್ ನಷ್ಟದಲ್ಲಿಯೇ ಓಡಿಸುತ್ತಿದ್ದರು. 1950ರಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಸೇರಿ, ಸಂಬಳವಿಲ್ಲದ ಹವ್ಯಾಸಿಗಳೇ ಈ ರೈಲನ್ನು ನಡೆಸಬೇಕೆಂದು ತೀರ್ಮಾನಿಸಿದರು. ಜಗತ್ತಿನಲ್ಲಿ ಅದುವರೆಗೆ ಯಾರೂ ಮಾಡದಿದ್ದ ಕೆಲಸ. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಾಗ ನಂಬಿಕೆಗೆ ಅರ್ಹವಾದ ಎಂಜಿನ್ನು ಒಂದೇ ಒಂದು, ಡೊಲ್ಗೊಕ್ ಎಂಬ ಹೆಸರಿನದು, 85 ವರ್ಷದ ಮುದುಕಿ. ಹಳಿಯನ್ನು ಹಿಡಿದಿದ್ದುದು ಮರದ ದಿಮ್ಮಿಗಿಂತ ಹೆಚ್ಚಾಗಿ ಹುಲ್ಲಿನ ಬೇರು. ಆ ವಿಚಿತ್ರ ಅಗಲದ ಹಳಿಯ ಮೇಲೆ ಓಡಬಲ್ಲ ಬೇರೆ ಎಂಜಿನ್ನು ಎಲ್ಲಿದ್ದೀತು? ಪಕ್ಕದ ಕಣಿವೆಯಲ್ಲಿ ಮುಚ್ಚಿಹೋಗಿದ್ದ ಕಾರಿಸ್ ರೈಲ್ವೆಯದೂ ಅದೇ ಅಗಲವೆಂದೂ ಅದರ ಎರಡು ಎಂಜಿನ್ನುಗಳು ಇನ್ನೂ ಬಿದ್ದುಕೊಂಡಿವೆಯೆಂದೂ ಬಲ್ಲವರಿಗೆ ಗೊತ್ತಿತ್ತು. ಅವನ್ನು ಕೊಂಡು ತಂದರು. ಇಂದಿಗೂ ಎರಡೂ ಅಲ್ಲಿಯೇ ಇವೆ.

ಅಲ್ಲಿ ಸ್ವಯಂಸೇವಕರಾಗಿ ದುಡಿಯಲು ಬಂದವರಲ್ಲಿ ಆಡ್ರಿ ಎಂಬ ಪಾದ್ರಿಯೂ ಒಬ್ಬರು. ನಮ್ಮ ಮೊಮ್ಮಕ್ಕಳು ಟೆಲಿವಿಷನ್ನಿನಲ್ಲಿ ನೋಡುವ ಥಾಮಸ್ ಎಂಬ ನೀಲಿ ಎಂಜಿನ್ನಿನ ಸೃಷ್ಟಿಕರ್ತರು ಅವರೇ. ಆ ಕಥೆಗಳಲ್ಲಿ ಬರುವ ಬೆಟ್ಟದ ಪುಟ್ಟ ರೈಲು ಟಾಲಿಲ್ಲಿನ್ನಿನ ಪಡಿಯಚ್ಚು.

ಎರಡನೆಯ ಉತ್ತರ ಇನ್ನೂ ದೊಡ್ಡದು. ಅದು ದೊರೆತದ್ದು ಹಿಂದೆ ಹೇಳಿದ ಬ್ಯಾರಿ ಬಂದರಿನಲ್ಲಿ. 1955ರ ಯೋಜನೆಯಂತೆ ಬ್ರಿಟನ್ನು ಉಗಿಯನ್ನು ಬಿಟ್ಟು ಡೀಸೆಲ್ ಮತ್ತು ವಿದ್ಯುತ್ತಿನ ಕಡೆಗೆ ತಿರುಗಿತು. 1963ರಲ್ಲಿ ಡಾಕ್ಟರ್ ಬೀಚಿಂಗರ ವರದಿ ಬಂದು ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದಿತು. ವೇಲ್ಸಿನ ಉತ್ತರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗಬೇಕಾದವನು ಇಂದಿಗೂ ಇಂಗ್ಲೆಂಡಿನ ಮೂಲಕವೇ ಸುತ್ತಿ ಬರಬೇಕಾಗಿರುವುದು ಆ ಕಾಲದ ಕತ್ತರಿಯ ಫಲ. 1968ರ ಆಗಸ್ಟಿಗೆ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಆಟ ಮುಗಿಯಿತು. ಸಾವಿರಾರು ಎಂಜಿನ್ನುಗಳು ಗುಜರಿಗೆ ಹೋದವು.

ಬ್ಯಾರಿಯಲ್ಲಿ ಡೈ ವುಡಮ್ ಎಂಬವರ ಗುಜರಿ ಅಂಗಳವಿತ್ತು. ಅವರು ಕೊಂಡ ಉಗಿ ಎಂಜಿನ್ನುಗಳು 297. ಆದರೆ ಅದೇ ಸಮಯದಲ್ಲಿ ಕಲ್ಲಿದ್ದಲಿನ ಹಳೆಯ ವ್ಯಾಗನ್ನುಗಳೂ ಸಾವಿರಗಟ್ಟಲೆ ಬಂದು ಬಿದ್ದವು. ವ್ಯಾಗನ್ನನ್ನು ಒಡೆಯುವುದು ಸುಲಭ, ಎಂಜಿನ್ನನ್ನು ಒಡೆಯುವುದು ಕಷ್ಟ. ಆದ್ದರಿಂದ ಮೊದಲು ವ್ಯಾಗನ್ನುಗಳಾಗಲಿ ಎಂದು ಅವರು ಎಂಜಿನ್ನುಗಳನ್ನು ಪಕ್ಕಕ್ಕಿಟ್ಟರು. ಕಡಲ ಗಾಳಿಗೆ ತುಕ್ಕು ಹಿಡಿಯುತ್ತ ಅವು ಸಾಲುಸಾಲಾಗಿ ನಿಂತವು. ಇದು ವ್ಯಾಪಾರದ ಲೆಕ್ಕಾಚಾರ, ಪ್ರೀತಿಯಲ್ಲ. ಪ್ರೀತಿ ಬಂದದ್ದು ಬೇಲಿಯ ಆಚೆಯಿಂದ. ಹಿಂದೆ ನಂಬರು ಬರೆದುಕೊಂಡಿದ್ದ ಹುಡುಗರು ಈಗ ಸಂಬಳ ತರುವ ಗೃಹಸ್ಥರಾಗಿದ್ದರು. ತಾವು ಕಂಡ ಎಂಜಿನ್ನು ಇಲ್ಲಿದೆಯೆಂದು ಸಾಲುಗಳಲ್ಲಿ ಹುಡುಕಿದರು; ಸಂಘ ಕಟ್ಟಿ ಚಂದಾ ಎತ್ತಿದರು. 1968ರಲ್ಲಿ ಮೊದಲನೆಯದು ಹೊರಬಂದಿತು, 1990ರಲ್ಲಿ ಕೊನೆಯದು. ಒಟ್ಟು 213 ಎಂಜಿನ್ನುಗಳು ಕತ್ತರಿಯಿಂದ ಪಾರಾದವು. ವುಡಮ್ ಅವರೂ ಹಣ ಕೂಡಿಸುವವರಿಗೆ ಕಾಲಾವಕಾಶ ಕೊಟ್ಟು ಕಾದರು ಎಂಬುದನ್ನು ಮರೆಯಬಾರದು.

ಇಲ್ಲಿ ನನ್ನಂಥವನ ಮನಸ್ಸನ್ನು ಸೆಳೆದ ಒಂದು ಸಂಗತಿಯಿದೆ. ಎಂಜಿನ್ನಿನ ಮುಖ್ಯ ಭಾಗಗಳ ಮೇಲೆಲ್ಲ ಅದರ ಸಂಖ್ಯೆಯನ್ನು ಒತ್ತಿರುತ್ತಾರೆ. ಆದರೆ ದುರಸ್ತಿಗೆ ಹೋದಾಗಲೆಲ್ಲ ಒಂದರ ದಂಡ ಇನ್ನೊಂದಕ್ಕೆ, ಇನ್ನೊಂದರ ಬಾಯ್ಲರು ಮತ್ತೊಂದಕ್ಕೆ ಸೇರುತ್ತಿತ್ತು. ಪಾರಾದ ಎಂಜಿನ್ನನ್ನು ಬಿಚ್ಚಿದಾಗ ಎಂದೋ ಕರಗಿಹೋದ ಎಂಜಿನ್ನುಗಳ ಸಂಖ್ಯೆಗಳು ಒಳಗೆ ಸಿಗುತ್ತವೆ. ಹಲವು ಓಲೆಗಳ ಪಾಠ ಸೇರಿ ಒಂದಾದ ಪ್ರತಿಯನ್ನು ಸಂಪಾದಿಸುವವನ ಪಾಡೇ ಇವರದೂ. ಯಾವ ಭಾಗ ಯಾವಾಗ ಎಲ್ಲಿಂದ ಬಂದಿತು? ಕಾರ್ಖಾನೆಯ ದಾಖಲೆಗಳು ಮೌನವಾದಲ್ಲಿ, ಇಂಥ ದಿನ ಇಂಥ ಷೆಡ್ಡಿನಲ್ಲಿ ಇದನ್ನು ಕಂಡೆ ಎಂದು ಬಾಲಕನೊಬ್ಬ ಪೆನ್ಸಿಲಿನಲ್ಲಿ ಬರೆದ ಸಾಲು, ಅವನು ಡಬ್ಬಿ ಕ್ಯಾಮೆರಾದಲ್ಲಿ ತೆಗೆದ ಮಸಕು ಚಿತ್ರ, ಇವೇ ಸಾಕ್ಷಿಗೆ ಬರುತ್ತವೆ. ಕೆಲಸಕ್ಕೆ ಬಾರದ್ದೆಂದು ನಗುತ್ತಿದ್ದುದು ಇದನ್ನೇ.

ಮಾದರಿ ರೈಲಿನ ಮಾತಿಗೂ ಇಲ್ಲಿಂದಲೇ ದಾರಿ. ಕಾರ್ಡಿಫಿನಲ್ಲಿ ಮಗಳ ನೆರೆಮನೆಯ ವೃದ್ಧರೊಬ್ಬರು ಅಟ್ಟದ ಮೇಲೆ ತಮ್ಮ ಹುಟ್ಟೂರಿನ ನಿಲ್ದಾಣವನ್ನು ಕಟ್ಟಿಟ್ಟಿದ್ದರು. ಊರು ಮೇಲಣ ಕಣಿವೆಯದು. ತಂದೆ ಗಣಿ ಕೆಲಸದವರು. ನಿಲ್ದಾಣವಿದ್ದ ಜಾಗದಲ್ಲಿ ಈಗ ರಸ್ತೆ. ಅಟ್ಟದ ಮೇಲೆ ಮಾತ್ರ ಅದು ಸದಾ 1958ರ ಬೇಸಿಗೆ. ಒಂದಡಿಗೆ ನಾಲ್ಕು ಮಿಲಿಮೀಟರಿನ ಪ್ರಮಾಣ. ಈ ಪ್ರಮಾಣದಲ್ಲಿ ನಾಲ್ಕಡಿ ಎಂಟೂವರೆ ಅಂಗುಲದ ನಿಜವಾದ ಹಳಿ 18.83 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವುದು 16.5. ಬ್ರಿಟಿಷ್ ಎಂಜಿನ್ನುಗಳ ಮೈ ಯೂರೋಪಿನವಕ್ಕಿಂತ ಕಿರಿದು. ಹಿಂದಿನ ಕಾಲದ ದಪ್ಪ ಮೋಟರನ್ನು ಒಳಗೆ ಹಿಡಿಸಲು ಎಂಜಿನ್ನನ್ನು ದೊಡ್ಡದು ಮಾಡಿ ಹಳಿಯನ್ನು ಹಾಗೆಯೇ ಬಿಟ್ಟರು. ಬಹುಮಂದಿ ಇದನ್ನು ಸಹಿಸಿಕೊಂಡಿದ್ದಾರೆ. ಸಹಿಸಲಾರದವರು ಒಂದೊಂದು ಅಂಗುಲ ಹಳಿಯನ್ನೂ ಕೈಯಾರೆ ಮಾಡಿಕೊಳ್ಳುತ್ತಾರೆ. ನೆರೆಯವರು ಸಹಿಸಲಾರದ ಪಂಗಡ.

ಅವರ ವ್ಯಾಗನ್ನುಗಳ ಮೇಲೆ ಮುಚ್ಚಿಹೋದ ಗಣಿಗಳ ಹೆಸರುಗಳು, ಒಂದೊಂದು ಗಣಿಗೂ ಬೇರೆ ಅಕ್ಷರ, ಬೇರೆ ಬಣ್ಣ. ಮಾಸಿದ ಕೆಂಪಿನ ಮೇಲೆ ಕೂದಲೆಳೆಯ ಕುಂಚದಿಂದ ಕಲ್ಲಿದ್ದಲ ಮಸಿಯನ್ನು ಬಳಿಯುತ್ತಿದ್ದರು. ಯಾವ ಎಂಜಿನ್ನು ಯಾವ ವಾರ ಅಲ್ಲಿಗೆ ಬರುತ್ತಿತ್ತು ಎಂದು ಕೇಳಿದರೆ ಹಳೆಯ ನಂಬರು ಪುಸ್ತಕವನ್ನು ತೆರೆದು ತೋರಿಸುತ್ತಿದ್ದರು. ಆ ಪುಸ್ತಕದಲ್ಲಿಲ್ಲದ ಎಂಜಿನ್ನಿಗೆ ಆ ನಿಲ್ದಾಣದಲ್ಲಿ ಪ್ರವೇಶವಿಲ್ಲ.

ಈ ಉತ್ಸಾಹದಲ್ಲಿ ಒಂದು ಕೊರತೆಯೂ ಇದೆ, ಅದನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಹೊಳೆಯುವ ಹಿತ್ತಾಳೆಯ ಮುಂದೆ ಅದನ್ನು ಹೊಳೆಯುವಂತೆ ಮಾಡಿದವರ ಶ್ವಾಸಕೋಶ ಮರೆಯಾಗುತ್ತದೆ. ಸ್ಲೇಟಿನ ದೂಳಿನಿಂದಲೂ ಕಲ್ಲಿದ್ದಲಿನ ದೂಳಿನಿಂದಲೂ ಸತ್ತವರು ಅಲ್ಲಿ ಅಸಂಖ್ಯಾತ. ಪ್ರವಾಸಿಗಳ ರೈಲಿನಲ್ಲಿ ಅವರ ಮಾತು ಕಡಮೆ. ನೆರೆಯ ವೃದ್ಧರು ಇದನ್ನು ಒಪ್ಪಿದರು. ತಮ್ಮ ನಿಲ್ದಾಣದ ಬೆಂಚಿನ ಮೇಲೆ ಉಸಿರು ಹಿಡಿಯಲು ಕುಳಿತ ಬಾಗಿದ ಬೆನ್ನಿನ ಒಂದು ಗೊಂಬೆಯನ್ನು ತೋರಿಸಿದರು. ಯಾರೆಂದು ನಾನು ಕೇಳಲಿಲ್ಲ.

ಹವ್ಯಾಸಿಗಳ ಕೆಲಸ ಅಲ್ಲಿಗೆ ನಿಂತಿಲ್ಲ. ಫೆಸ್ಟಿನಿಯೋಗ್ ರೈಲ್ವೆಯ ಹಳೆಯ ದಾರಿಯ ಒಂದು ಭಾಗ ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯದಲ್ಲಿ ಮುಳುಗಿತು. ಸ್ವಯಂಸೇವಕರು ಬೆಟ್ಟವನ್ನು ಅಗೆದು, ತನ್ನ ಮೇಲೆಯೇ ಸುತ್ತಿ ಏರುವ ಹೊಸ ದಾರಿಯನ್ನು ಮಾಡಿ 1982ರಲ್ಲಿ ಬ್ಲೈನೈ ಫೆಸ್ಟಿನಿಯೋಗನ್ನು ತಲಪಿದರು. 2021ರಲ್ಲಿ ಯುನೆಸ್ಕೊ ವಾಯವ್ಯ ವೇಲ್ಸಿನ ಸ್ಲೇಟು ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ರೈಲೂ ಟಾಲಿಲ್ಲಿನ್ನೂ ಅದರೊಳಗೆ ಬಂದವು. ಬ್ಯಾರಿಯಿಂದ ಪಾರಾದ ಒಂದು ಎಂಜಿನ್ನನ್ನು ಆಧಾರವಾಗಿಟ್ಟುಕೊಂಡು, ಒಂದೂ ಉಳಿಯದೆ ನಾಶವಾಗಿದ್ದ ಸೇಂಟ್ ಎಂಬ ವರ್ಗದ ಎಂಜಿನ್ನನ್ನು ಮತ್ತೆ ನಿರ್ಮಿಸಿ 2019ರಲ್ಲಿ ಓಡಿಸಿದರು.

ಈಗಿನ ಚಿಂತೆ ಬೇರೆ. ಟ್ರೆವಿಥಿಕ್ಕನ ಎಂಜಿನ್ನು ಹೊರಟ ಮರ್ಥರ್ ಟಿಡ್ವಿಲ್ಲಿನಲ್ಲಿಯೇ ಫೋಸ್-ಅ-ಫ್ರಾನ್ ಎಂಬ ತೆರೆದ ಗಣಿಯಿತ್ತು. ಉಗಿ ಎಂಜಿನ್ನಿಗೆ ಒಪ್ಪುವ ಕಲ್ಲಿದ್ದಲು ಅಲ್ಲಿ ದೊರೆಯುತ್ತಿತ್ತು. 2023ರ ನವೆಂಬರಿನಲ್ಲಿ ಅದನ್ನು ಮುಚ್ಚಿದರು. ಹವಾಮಾನದ ದೃಷ್ಟಿಯಿಂದ ಅದು ಯುಕ್ತವೆಂದೇ ನಾನೂ ತಿಳಿದಿದ್ದೇನೆ. ಒಂದು ಕಾಲಕ್ಕೆ ಜಗತ್ತಿನ ಹಡಗುಗಳಿಗೆಲ್ಲ ಇಂಧನ ಕೊಟ್ಟ ನಾಡಿನ ಎಂಜಿನ್ನುಗಳು ಈಗ ಕಡಲಾಚೆಯಿಂದ ಬಂದ ಕಲ್ಲಿದ್ದಲನ್ನೋ, ಪುಡಿಯನ್ನು ಅಂಟಿಸಿ ಮಾಡಿದ ಉಂಡೆಗಳನ್ನೋ ಉರಿಸುತ್ತವೆ. ಅವು ಹಳೆಯ ಕಲ್ಲಿದ್ದಲಿನಂತೆ ಉರಿಯುವುದಿಲ್ಲವಾಗಿ, ಎಷ್ಟು ಹೊತ್ತಿಗೆ ಎಷ್ಟು ಸಲಿಕೆ ಹಾಕಬೇಕು, ಗಾಳಿಯನ್ನು ಎಷ್ಟು ಬಿಡಬೇಕು ಎಂಬುದನ್ನು ಅಲ್ಲಿನ ಸ್ವಯಂಸೇವಕರು ಮೊದಲಿನಿಂದ ಕಲಿಯುತ್ತಿದ್ದಾರೆ. ಕಲಿತದ್ದನ್ನು ದಿನವಹಿ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ.