ಮಳೆಯ ದಾರಿಯಲ್ಲಿ ಬ್ರೇಕಿನ ಅರಿವು

ಮುಂಗಾರು ಕಾಲಿಟ್ಟಿತೆಂದರೆ ಮಲೆನಾಡಿನ ರಸ್ತೆಗಳ ಸ್ವಭಾವವೇ ಬದಲಾಗುತ್ತದೆ. ಕೊಪ್ಪ ತಾಲೂಕಿನ ಕಮ್ಮರಡಿಯ ಸುತ್ತಮುತ್ತ, ಶೃಂಗೇರಿ ಮತ್ತು ನರಸಿಂಹರಾಜಪುರಗಳ ಕಡೆಗೆ ಸಾಗುವ ದಾರಿಗಳಲ್ಲಿ ಬಹುದೂರ ನೇರವಾಗಿ ಹೋಗುವ ರಸ್ತೆ ಸಿಗುವುದು ಅಪರೂಪ. ಒಂದು ಬದಿಗೆ ಗುಡ್ಡದ ಧರೆ, ಇನ್ನೊಂದು ಬದಿಗೆ ಅಡಿಕೆ ತೋಟ ಅಥವಾ ಗದ್ದೆಬಯಲು. ನಡುವೆ ಏರಿಳಿತ, ತಿರುವು, ಮೋರಿ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆಂದರೆ ಈ ಸೀಮೆಯ ರಸ್ತೆಗಳು ಎಷ್ಟು ತಿಂಗಳು ಒದ್ದೆಯಾಗಿರುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ದಾರಿಯಲ್ಲಿ ಇಂದು ನಮ್ಮ ಕುಟುಂಬಗಳ ನಿತ್ಯದ ಸಂಗಾತಿ ದ್ವಿಚಕ್ರ ವಾಹನವೇ. ತೋಟಕ್ಕೆ ಹೋಗುವ ಯಜಮಾನರು, ಕಾಲೇಜಿಗೆ ಹೋಗುವ ಮಕ್ಕಳು, ಶ್ರಾವಣ ಮಾಸದ ಪ್ರವಚನಕ್ಕೆ ಹೊರಟ ದಂಪತಿಗಳು, ಭದ್ರಾ ನದಿಯ ದಡದ ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠದ ದರ್ಶನಕ್ಕೆಂದು ಸಾಗುವ ಭಕ್ತರು, ಎಲ್ಲರೂ ಎರಡು ಚಕ್ರಗಳನ್ನೇ ನಂಬಿದ್ದಾರೆ. ವಾಹನ ಕೊಳ್ಳುವಾಗ ಅದರ ಬೆಲೆ, ಬಣ್ಣ, ಮೈಲೇಜುಗಳನ್ನು ವಿಚಾರಿಸುವ ನಾವು, ಅದನ್ನು ನಿಲ್ಲಿಸುವುದು ಹೇಗೆಂಬುದನ್ನು ವಿಚಾರಿಸುವುದು ಕಡಿಮೆ. ಓಡಿಸುವುದನ್ನು ಒಂದೇ ದಿನದಲ್ಲಿ ಕಲಿಯಬಹುದು. ನಿಲ್ಲಿಸುವುದನ್ನು ಮಾತ್ರ ಅರಿತು, ಅಭ್ಯಾಸ ಮಾಡಿ ರೂಢಿಸಿಕೊಳ್ಳಬೇಕು.

ಅಂಗೈಯಗಲದ ಆಸರೆ

ಬೈಕಿನ ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮುಂದೊಂದು, ಹಿಂದೊಂದು, ಹೀಗೆ ಎರಡೇ ಅಂಗೈಗಳ ಆಸರೆಯಲ್ಲಿ ಇಡೀ ಸಂಸಾರ ಸಾಗುತ್ತಿರುತ್ತದೆ. ವೇಗ ಹೆಚ್ಚಿಸುವುದಕ್ಕೆ, ತಿರುಗುವುದಕ್ಕೆ, ನಿಲ್ಲುವುದಕ್ಕೆ ಬೇಕಾದ ಹಿಡಿತವೆಲ್ಲವೂ ಅಲ್ಲಿಂದಲೇ ಬರಬೇಕು. ಇದನ್ನು ಗೃಹಸ್ಥನ ತಿಂಗಳ ಆದಾಯಕ್ಕೆ ಹೋಲಿಸಬಹುದು. ಬರುವುದು ಇಷ್ಟೇ ಎಂದಾದ ಮೇಲೆ ಒಂದು ಬಾಬತ್ತಿಗೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದು ಕಡಿಮೆ. ತಿರುವಿನಲ್ಲಿ ವಾಲಿರುವ ಬೈಕು ತನ್ನ ಹಿಡಿತದ ಬಹುಪಾಲನ್ನು ತಿರುಗುವುದಕ್ಕೇ ವ್ಯಯಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ ಲೆಕ್ಕ ತಪ್ಪಿ ಚಕ್ರ ಜಾರುತ್ತದೆ. ಆದುದರಿಂದ ವೇಗವನ್ನು ತಗ್ಗಿಸುವ ಕೆಲಸವು ತಿರುವಿಗೆ ಮುಂಚೆ, ಬೈಕು ನೆಟ್ಟಗಿರುವಾಗಲೇ ಮುಗಿದಿರಬೇಕು. ಈ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಮಾತಿದ್ದರೆ ಅದು ಇದೇ.

ಮಳೆ ಬಿದ್ದೊಡನೆ ಆ ಆದಾಯವೇ ಇಳಿಯುತ್ತದೆ. ಮೊದಲ ಮಳೆಯ ದಿನ ವಿಶೇಷ ಎಚ್ಚರ ಬೇಕು. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕೂತ ಧೂಳು ಮತ್ತು ಎಣ್ಣೆಯ ಜಿಡ್ಡು ಅಂದು ನೀರಿನೊಡನೆ ಬೆರೆತು ಲೋಳೆಯಾಗುತ್ತದೆ. ಮುಂದೆ ಆರಿದ್ರಾ, ಪುನರ್ವಸು ಮಳೆಗಳ ಕಾಲಕ್ಕೆ ಮರದ ನೆರಳಿನ ರಸ್ತೆಯ ಅಂಚುಗಳಲ್ಲಿ ಪಾಚಿ ಕಟ್ಟುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯಿಂದ ಮೇಲೆ ಬಂದ ಟಿಲ್ಲರು, ಟ್ರಾಕ್ಟರುಗಳ ಚಕ್ರದ ಕೆಸರು ಡಾಂಬರಿನ ಮೇಲೆ ಹರಡಿರುತ್ತದೆ. ಕೊಳೆತ ದರಗು, ದಾರಿಬದಿಗೆ ಸುರಿದ ಅಡಿಕೆ ಸಿಪ್ಪೆ, ಧರೆಯಿಂದ ಇಳಿದ ಕೆಮ್ಮಣ್ಣು ಇವೆಲ್ಲವೂ ಟೈರಿಗೂ ರಸ್ತೆಗೂ ನಡುವೆ ಅಡ್ಡ ಬರುವ ವಸ್ತುಗಳೇ. ಇವು ಕಂಡಲ್ಲಿ ಬ್ರೇಕು ಒತ್ತದೆ, ವಾಲದೆ, ಮೊದಲೇ ನಿಧಾನಿಸಿ ನೇರವಾಗಿ ದಾಟುವುದು ಕ್ಷೇಮ.

ಲೆಕ್ಕ ಏನು ಹೇಳುತ್ತದೆ?

ವೇಗವು ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತದ ಪ್ರಮಾಣವನ್ನು 0.7 ಎಂದೂ, ಒದ್ದೆ ರಸ್ತೆಯಲ್ಲಿ 0.4 ಎಂದೂ ಇಟ್ಟುಕೊಂಡು ಲೆಕ್ಕ ಹಾಕೋಣ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಒಣ ರಸ್ತೆಯಲ್ಲಿ ಸುಮಾರು 5 ಮೀಟರು, ಒದ್ದೆ ರಸ್ತೆಯಲ್ಲಿ ಸುಮಾರು 9 ಮೀಟರು ಬೇಕು. 60 ಕಿಲೋಮೀಟರು ವೇಗದಲ್ಲಿ ಅದೇ ದೂರ 20 ಮತ್ತು 35 ಮೀಟರುಗಳಾಗುತ್ತವೆ. ಇದಕ್ಕೆ, ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನ ಓಟವನ್ನೂ ಕೂಡಿಸಬೇಕು. 30ರ ವೇಗದಲ್ಲಿ ಅದು 8 ಮೀಟರು. 60ರಲ್ಲಿ 17 ಮೀಟರು. ಅಂತೂ ಮಳೆಯಲ್ಲಿ 30ರ ವೇಗದವನು 17 ಮೀಟರಿನಲ್ಲಿ ನಿಂತರೆ, 60ರ ವೇಗದವನಿಗೆ 52 ಮೀಟರು ಬೇಕು. ನಮ್ಮ ಮಲೆನಾಡಿನ ಎಷ್ಟೋ ತಿರುವುಗಳಲ್ಲಿ 52 ಮೀಟರು ದೂರ ಕಣ್ಣಿಗೇ ಕಾಣದು. ಕಾಣುವ ದೂರದೊಳಗೆ ನಿಲ್ಲಿಸಲಾಗದ ವೇಗವು, ಫಲಕದಲ್ಲಿ ಬರೆದಿರಲಿ ಬಿಡಲಿ, ಅತಿವೇಗವೇ ಸರಿ.

ಮುಂದಿನ ಬ್ರೇಕಿನ ಭಯ

ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸಿ ಬೀಳುತ್ತೇವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅನೇಕರು ಬಲಗಾಲಿನ ಬ್ರೇಕೊಂದನ್ನೇ ನೆಚ್ಚಿ ವರ್ಷಗಟ್ಟಲೆ ಓಡಿಸುತ್ತಾರೆ. ಆದರೆ ಓಡುವ ಬಸ್ಸು ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವಂತೆ, ಬೈಕಿನ ಭಾರವೂ ನಿಲ್ಲುವಾಗ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರ ಹೆಚ್ಚಿದ ಕಡೆ ಹಿಡಿತ ಹೆಚ್ಚು. ಹಗುರಾದ ಹಿಂದಿನ ಚಕ್ರವು ಸ್ವಲ್ಪ ಒತ್ತಡಕ್ಕೇ ಬಿಗಿದು ಜಾರತೊಡಗುತ್ತದೆ. ಹೀಗಾಗಿ ವಾಹನವನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ.

ಈ ದೋಷ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅವರ ತಂಡವು ಲಾಸ್ ಏಂಜಲೀಸಿನಲ್ಲಿ 900 ಬೈಕು ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ನೀಡಿತು. ಅಪಘಾತಕ್ಕೊಳಗಾದ ಸವಾರರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರವನ್ನು ಜಾರಿಸಿದ್ದರು. ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ತಪ್ಪಿಸಿಕೊಳ್ಳಲು ಅವರಿಗೆ ದೊರೆತ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತಲೂ ಕಡಿಮೆ. ಆ ಎರಡು ಸೆಕೆಂಡಿನಲ್ಲಿ ಯೋಚನೆಗೆ ಅವಕಾಶವಿಲ್ಲ. ಕೈಕಾಲುಗಳು ರೂಢಿಸಿಕೊಂಡದ್ದೇ ಅಲ್ಲಿ ನಡೆಯುತ್ತದೆ.

ಸರಿಯಾದ ಕ್ರಮ ಹೀಗೆ: ಮೊದಲು ಆಕ್ಸಿಲರೇಟರನ್ನು ಬಿಡಬೇಕು. ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೊದಲು ಹಗುರವಾಗಿ ಹಿಡಿದು, ಭಾರ ಮುಂದಕ್ಕೆ ಬರುತ್ತಿದ್ದಂತೆ ಮುಂದಿನದನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ಹಂತಹಂತವಾಗಿ ಬಿಗಿಗೊಳಿಸಬೇಕು. ಒಮ್ಮೆಲೇ ಜಗ್ಗಿದರೆ ಮಾತ್ರ ಮುಂದಿನ ಚಕ್ರ ಬಿಗಿದು ಬೀಳಿಸುತ್ತದೆ. ಕ್ಲಚ್ಚನ್ನು ಹಿಡಿಯುವುದು ಕೊನೆಗೆ. ಮಳೆಯಲ್ಲಿ ಕ್ರಮ ಇದೇ, ಒತ್ತಡ ಮಾತ್ರ ಮೃದು, ಆರಂಭ ಬೇಗ. ಮುಂದಿನ ಚಕ್ರ ಜಾರಿದಂತೆ ಕಂಡೊಡನೆ ಕೈ ಸಡಿಲಿಸಿ ಮತ್ತೆ ಮೆಲ್ಲನೆ ಹಿಡಿಯಬೇಕು. ಹಿಂದಿನ ಚಕ್ರ ಜಾರಿದರೆ ನೋಟವನ್ನು ಮುಂದಕ್ಕೇ ಇಟ್ಟು, ವಾಹನವಿನ್ನೂ ನೇರವಾಗಿರುವಾಗಲೇ ಒತ್ತಡ ತಗ್ಗಿಸಬೇಕು. ಅದು ಅಡ್ಡಲಾಗಿ ತಿರುಗಿದ ಮೇಲೆ ಥಟ್ಟನೆ ಬಿಟ್ಟರೆ, ಚಕ್ರ ಮರಳಿ ಹಿಡಿತ ಪಡೆದು ಸವಾರನನ್ನೇ ಎತ್ತಿ ಎಸೆಯಬಹುದು.

ಹೊಸ ವಾಹನಗಳಲ್ಲಿ ಇದಕ್ಕೆ ಯಂತ್ರದ ನೆರವೂ ಇದೆ. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವುಗಳಿಗೆ ಎ.ಬಿ.ಎಸ್. ಇಲ್ಲವೇ ಸಿ.ಬಿ.ಎಸ್. ಎಂದಾಯಿತು. ಎ.ಬಿ.ಎಸ್. ಚಕ್ರ ಬಿಗಿಯದಂತೆ ತಾನೇ ಬ್ರೇಕನ್ನು ಸಡಿಲಿಸಿ ಹಿಡಿಯುತ್ತದೆ. ಆಗ ಕೈಗೆ ಅದುರಿದಂತಾದರೆ ಹೆದರಿ ಬಿಡಬಾರದು. ಕೆಲವು ಬೈಕುಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಸಿ.ಬಿ.ಎಸ್. ಒಂದು ಬ್ರೇಕು ಒತ್ತಿದಾಗ ಎರಡೂ ಚಕ್ರಗಳಿಗೆ ಒತ್ತಡ ಹಂಚುತ್ತದೆಯೇ ಹೊರತು ಜಾರುವುದನ್ನು ತಡೆಯದು. ತಮ್ಮ ಮನೆಯ ವಾಹನದಲ್ಲಿ ಯಾವುದಿದೆ ಎಂಬುದನ್ನು ಓದುಗರು ಇಂದೇ ತಿಳಿದುಕೊಳ್ಳಲಿ.

ಇಳಿಜಾರು ಮತ್ತು ಟೈರಿನ ಆರೈಕೆ

ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್‌ನಲ್ಲಿ ಬಿಡುವ ರೂಢಿ ತೀರ ಅಪಾಯಕರ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಂತಹ ಕಡೆ ಸಣ್ಣ ಗೇರಿನಲ್ಲೇ ಇಳಿಯಬೇಕು. ಎಂಜಿನ್ ತಾನೇ ವೇಗವನ್ನು ತಡೆದು ಬ್ರೇಕು ಕಾಯದಂತೆ ಕಾಪಾಡುತ್ತದೆ. ನೀರು ಹರಿಯುವ ಮೋರಿಯನ್ನು ದಾಟಿದ ಮೇಲೆ ಬ್ರೇಕುಗಳನ್ನು ಸ್ವಲ್ಪ ದೂರ ಹಗುರವಾಗಿ ಹಿಡಿದು ಒಣಗಿಸಿಕೊಳ್ಳಬೇಕು.

ಟೈರಿನ ಮೇಲಿನ ಕಚ್ಚುಗಳು ಅಂದಕ್ಕಾಗಿ ಇರುವುವಲ್ಲ. ರಸ್ತೆಯ ನೀರನ್ನು ಬದಿಗೆ ಸರಿಸುವ ಕಾಲುವೆಗಳವು. ಕಚ್ಚಿನ ತಳದಲ್ಲಿ ಸವೆತವನ್ನು ಸೂಚಿಸುವ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಸವೆದರೆ ಟೈರು ಬದಲಿಸಲೇಬೇಕು. ಪಕ್ಕದಲ್ಲಿ ನಾಲ್ಕು ಅಂಕಿಗಳೂ ಇರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಹಳೆಯದಾದ ರಬ್ಬರು ಕಚ್ಚು ಉಳಿದಿದ್ದರೂ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಯನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಕಂಪನಿಯವರು ಸೂಚಿಸಿದ ಪ್ರಮಾಣಕ್ಕೆ ನೋಡಿಸಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವುದಾದರೆ ಹಿಂದಿನ ಟೈರಿಗೆ ಹೆಚ್ಚಿನ ಗಾಳಿ ಬೇಕೆಂಬುದನ್ನು ಅದೇ ಪುಸ್ತಕದಲ್ಲಿ ಕಾಣಬಹುದು.

ಅರಿವು ಆಚಾರವಾಗಲಿ

ಇದೆಲ್ಲವನ್ನೂ ಓದಿ ಮಡಚಿಟ್ಟರೆ ಪ್ರಯೋಜನವಿಲ್ಲ. ಬಿಡುವಿನ ದಿನ, ಜನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ನೆಲಕ್ಕೊಂದು ಗೆರೆ ಎಳೆದು, 20 ಕಿಲೋಮೀಟರು ವೇಗದಲ್ಲಿ ಬಂದು ಗೆರೆಯ ಬಳಿ ಎರಡೂ ಬ್ರೇಕುಗಳನ್ನು ಹಿಡಿದು ನಿಲ್ಲಿಸುವುದನ್ನು ಹತ್ತಾರು ಸಲ ಮಾಡಬೇಕು. ಒಣ ನೆಲದಲ್ಲಿ ಕೈ ಪಳಗಿದ ಮೇಲೆ ಒದ್ದೆ ನೆಲ. ಮಗನಿಗೋ ಮಗಳಿಗೋ ಬೀಗದ ಕೈ ಒಪ್ಪಿಸುವ ತಂದೆತಾಯಿಗಳು ಮೊದಲು ಈ ಅಭ್ಯಾಸವನ್ನು ಎದುರು ನಿಂತು ಮಾಡಿಸಲಿ. ಹಿಂದೆ ಕೂರುವ ಅಕ್ಕತಂಗಿಯರ ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಕಾವಲು ಜಾಲರಿ ಇರಲಿ, ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ಸವಾರರಿಗಷ್ಟೇ ಅಲ್ಲದೆ ಹಿಂದೆ ಕೂತವರಿಗೂ ಇರಲಿ.

ಶರಣರು ದೇಹವನ್ನು ತಿರಸ್ಕರಿಸಲಿಲ್ಲ. ಇಷ್ಟಲಿಂಗವನ್ನು ಧರಿಸುವ, ಕಾಯಕವನ್ನು ನಡೆಸುವ ಅಂಗವೆಂದು ಅದನ್ನು ಗೌರವಿಸಿದರು. ಅರಿವು ಆಚಾರದಲ್ಲಿ ಕಾಣಬೇಕೆಂಬುದು ಅವರು ತೋರಿದ ದಾರಿ. ದುಡಿಯುವ ಒಂದು ಜೀವ ರಸ್ತೆಯಲ್ಲಿ ಜಾರಿ ಬಿದ್ದರೆ ಅದರ ನೋವನ್ನು ಇಡೀ ಮನೆ ಬಹುಕಾಲ ಉಣ್ಣಬೇಕಾಗುತ್ತದೆ. ತಿರುವಿಗೆ ಮುಂಚೆ ನಿಧಾನಿಸಿದ ಆ ನಾಲ್ಕು ಕ್ಷಣಗಳಿಂದ ಯಾರ ಪೂಜೆಯೂ ತಡವಾಗದು, ಯಾವ ಪ್ರವಚನವೂ ತಪ್ಪದು. ಈ ಮಳೆಗಾಲದಲ್ಲಿ ಹೊರಟ ಪ್ರತಿಯೊಬ್ಬರೂ ಸುಕ್ಷೇಮವಾಗಿ ಮನೆಗೆ ಮರಳಲೆಂಬುದೇ ನಮ್ಮ ಹಾರೈಕೆ.