ಪೈಪಿನ ಬೆಲೆ ಅದರ ಅಚ್ಚಿನಲ್ಲಿದೆ

ಹಳೆಯ ತಂಬಾಕು ಪೈಪೊಂದು ಕೈಗೆ ಬಂದರೆ ನುರಿತ ಸಂಗ್ರಾಹಕರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಅದರ ಕುತ್ತಿಗೆಯನ್ನು ನೋಡುತ್ತಾರೆ. ತಯಾರಕರ ಹೆಸರು, ಆಕಾರದ ಸಂಖ್ಯೆ, ದೇಶದ ಹೆಸರು ಅಚ್ಚಾಗಿರುವುದು ಅಲ್ಲೇ. ಬೆಲೆಯ ಮಾತು ಶುರುವಾಗುವುದೂ ಅಲ್ಲಿಂದಲೇ.

ಲಂಡನ್ನಿನ ಡನ್‌ಹಿಲ್ ಪೈಪನ್ನೇ ನೋಡಿ. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದು, ಕೆಲವೇ ವರ್ಷಗಳಲ್ಲಿ ಪೈಪುಗಳನ್ನೂ ತಯಾರಿಸತೊಡಗಿದರು. ಬಾಯಿಕೊಳವೆಯ ಮೇಲ್ಭಾಗ ಯಾವುದೆಂದು ತಿಳಿಯಲೆಂದು ಇಟ್ಟ ಬಿಳಿ ಚುಕ್ಕೆ ಮುಂದೆ ಆ ಸಂಸ್ಥೆಯ ಗುರುತೇ ಆಯಿತು. ಆದರೆ ಚುಕ್ಕೆಯೊಂದನ್ನೇ ನಂಬುವಂತಿಲ್ಲ, ಕೊಳವೆಯನ್ನು ಯಾರು ಬೇಕಾದರೂ ಬದಲಿಸಬಹುದು. 1920ರ ದಶಕದಿಂದ ದೇಶದ ಹೆಸರಿನ ಕೊನೆಗೆ ಒತ್ತಿದ ಪುಟ್ಟ ಅಂಕಿ ತಯಾರಿಯ ವರ್ಷವನ್ನು ಹೇಳುತ್ತದೆ. ಅದೇ ಅಂಕಿ ಬೇರೆ ಬೇರೆ ದಶಕಗಳಲ್ಲಿ ಮರುಕಳಿಸುವುದರಿಂದ ಅದರ ಗಾತ್ರ, ಸ್ಥಾನ, ಪಕ್ಕದ ಪೇಟೆಂಟ್ ಸಂಖ್ಯೆಗಳನ್ನೂ ಸೇರಿಸಿ ಓದಬೇಕು.

ಡಬ್ಲಿನ್ನಿನ ಪೀಟರ್ಸನ್ ಪೈಪುಗಳಲ್ಲಿ ಐರ್ಲೆಂಡಿನ ರಾಜಕೀಯ ಚರಿತ್ರೆಯೇ ಅಚ್ಚಾಗಿದೆ. ‘ಐರಿಷ್ ಫ್ರೀ ಸ್ಟೇಟ್’ ಎಂದಿದ್ದರೆ ಅದು 1922ರಿಂದ 1937ರ ಆಸುಪಾಸಿನದು, ‘ರಿಪಬ್ಲಿಕ್ ಆಫ್ ಐರ್ಲೆಂಡ್’ ಎಂದಿದ್ದರೆ 1949ರ ನಂತರದ್ದು. ಬೆಳ್ಳಿಯ ಪಟ್ಟಿಯಿದ್ದರೆ ಕುಳಿತ ಹೈಬರ್ನಿಯಾ (ಐರ್ಲೆಂಡನ್ನು ಪ್ರತಿನಿಧಿಸುವ ಸ್ತ್ರೀರೂಪ), ಕಿರೀಟವಿರುವ ಹಾರ್ಪ್ ಮತ್ತು ವರ್ಷ ಸೂಚಿಸುವ ಅಕ್ಷರಕ್ಕಾಗಿ ಹುಡುಕಬೇಕು. ಶ್ಯಾಮ್‌ರಾಕ್ ಎಲೆ, ಗೋಪುರದ ಚಿತ್ರಗಳು ನಿಕಲ್ ಪಟ್ಟಿಯ ಅಲಂಕಾರ. ಅವನ್ನು ಬೆಳ್ಳಿಯ ಹಾಲ್‌ಮಾರ್ಕ್ ಎಂದು ತಿಳಿದು ಹೆಚ್ಚು ಹಣ ತೆತ್ತವರಿದ್ದಾರೆ.

ಅಚ್ಚಿನ ನಂತರ ಮರ. ಒಳ್ಳೆಯ ಪೈಪು ಬ್ರಯರ್‌ನದು. ಮೆಡಿಟರೇನಿಯನ್ ತೀರದ ‘ಎರಿಕಾ ಆರ್ಬೋರಿಯಾ’ ಎಂಬ ಪೊದೆಗಿಡದ ಬೇರಿನ ಬುಡದಲ್ಲಿ ಬೆಳೆಯುವ ಗಂಟು ಅದು. ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಅದು ಬೆಂಕಿಯ ಕಾವನ್ನು ತಾಳುತ್ತದೆ. ಬಟ್ಟಲಿನ ಸುತ್ತ ಮರದ ಎಳೆಗಳು ಕೆಳಗಿನಿಂದ ಮೇಲಕ್ಕೆ ನೇರವಾಗಿ ಏರಿದ್ದರೆ ಅದು ‘ಸ್ಟ್ರೈಟ್ ಗ್ರೇನ್’, ಸಿಗುವುದು ಅಪರೂಪ. ಎಳೆಗಳ ತುದಿ ಚುಕ್ಕೆಚುಕ್ಕೆಯಾಗಿ ಕಂಡರೆ ‘ಬರ್ಡ್ಸ್ ಐ’. ತೂತುಗಳಿಗೆ ಲಪ್ಪ ತುಂಬಿ ಬಣ್ಣ ಬಳಿದಿದ್ದರೆ ಬೆಲೆ ಇಳಿಯುತ್ತದೆ. ಹಾಗೆಂದು ಒರಟು ಮೈಯನ್ನು ತಳ್ಳಿಹಾಕಬಾರದು. 1917ರಲ್ಲಿ ಡನ್‌ಹಿಲ್ ತಂದ ‘ಶೆಲ್’ ಪೈಪುಗಳಲ್ಲಿ ಮರಳು ಊದಿ ಮೃದು ಭಾಗವನ್ನು ಸವೆಸಿರುತ್ತಾರೆ. ಉಳಿದ ಗಟ್ಟಿ ಏಣುಗಳ ಚೆಲುವಿಗೆ ಸಂಗ್ರಾಹಕರು ಮನಸೋಲುತ್ತಾರೆ. ಕೋಪನ್‌ಹೇಗನ್ನಿನ ಸಿಕ್ಸ್‌ಟನ್ ಇವಾರ್ಸನ್ (1910–2001) ಅವರಂಥ ಕುಶಲಕರ್ಮಿಗಳ ಕೆಲಸಕ್ಕೆ ಬೆಲೆ ಬರುವುದೂ ಮರದ ಎಳೆ ನಡೆದತ್ತ ಆಕಾರವನ್ನು ನಡೆಸಿದ ಅವರ ಕೈಗುಣದಿಂದ.

ಮೀರ್‌ಶಾಮ್ ಪೈಪಿನ ಲೆಕ್ಕ ಬೇರೆ. ತುರ್ಕಿಯ ಎಸ್ಕಿಶೆಹಿರ್‌ನಲ್ಲಿ ಅಗೆದು ತೆಗೆಯುವ ಈ ಬಿಳಿ ಖನಿಜ ಬಳಸುತ್ತ ಬಳಸುತ್ತ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಡೀ ಗಟ್ಟಿಯಲ್ಲಿ ಕೆತ್ತಿದ್ದಕ್ಕೆ, ಪುಡಿಯನ್ನು ಒತ್ತಿ ಮಾಡಿದ್ದಕ್ಕಿಂತ ಬೆಲೆ ಬಹಳ ಹೆಚ್ಚು.

ಕೊನೆಗೆ ಸ್ಥಿತಿಗತಿ. ಬಟ್ಟಲಿನ ಅಂಚು ಸುಟ್ಟಿದೆಯೇ, ಒಳಗೋಡೆ ಬಿರುಕು ಬಿಟ್ಟಿದೆಯೇ, ಕೊಳವೆ ಮೂಲದ್ದೇ, ಅದರ ಮೇಲೆ ಹಲ್ಲಿನ ಗುರುತು ಎಷ್ಟು ಆಳ ಎಂದು ನೋಡಬೇಕು. ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಕೊಳವೆ ಬೆಳಕಿಗೆ ಹಸಿರುಗಂದು ಬಣ್ಣಕ್ಕೆ ತಿರುಗುವುದು ಸಹಜ, ಅದನ್ನು ಸರಿಪಡಿಸಬಹುದು. ಸರಿಪಡಿಸಲಾಗದ್ದು ಒಂದೇ: ಯಂತ್ರಕ್ಕೆ ಹಿಡಿದು ಉಜ್ಜಿ ಅಳಿಸಿದ ಅಚ್ಚು. ಪೈಪು ಥಳಥಳಿಸಬಹುದು, ಆದರೆ ಯಾರು, ಯಾವಾಗ ಮಾಡಿದರು ಎಂಬುದಕ್ಕೆ ಅದರ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ತಂಬಾಕು ಆರೋಗ್ಯಕ್ಕೆ ಹಾನಿಕರ. ಪೈಪನ್ನು ಕುಶಲಕಲೆಯಾಗಿ ಮೆಚ್ಚಲು ಅದನ್ನು ಸೇದಬೇಕಿಲ್ಲ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಪೈಪೊಂದು ಸಿಕ್ಕರೆ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಅಚ್ಚಿನ ಸ್ಪಷ್ಟ ಫೋಟೋ ತೆಗೆದು, ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಪಾಲಿಶ್ ಡಬ್ಬಿಯನ್ನು ದೂರವಿಡಿ.