ಹಳೆಯ ಕಾವ್ಯವೂ ಕೇಳುವ ಕಿವಿಯೂ

ಮಳೆ ತಡೆದ ವರ್ಷ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದಿನಿಂದ ಬಂದುದು. ಚನ್ನಗಿರಿಯ ಕಡೆಯವರಿಗೆ ಇದನ್ನು ನಾವು ವಿವರಿಸಬೇಕಾದುದಿಲ್ಲ. ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುವರು; ಮತ್ತೊಬ್ಬರು ಅರ್ಥ ಹೇಳುವರು. ಕಾಲೇಜಿನಲ್ಲಿ ನಾವಾದರೋ ಅದೇ ಕಾವ್ಯವನ್ನು ಸದ್ದಿಲ್ಲದೆ ಓದಿ, ಟಿಪ್ಪಣಿ ಬರೆಸಿ, ಪಾಠ ಮುಗಿಯಿತೆನ್ನುವೆವು. ಇದರಿಂದಾಗುವ ನಷ್ಟವನ್ನು ಜರ್ಮನಿಯ ವಿದ್ವಾಂಸರೊಬ್ಬರ ಶ್ರಮದಿಂದ ತಿಳಿಯಬಹುದು.

ಎಡ್ವರ್ಡ್ ಸೀವರ್ಸ್ (1850–1932) ಎಂಬವರು 1878ರಲ್ಲಿ 'ಹೇಲಿಯಾಂಡ್' ಎಂಬ ಕಾವ್ಯವನ್ನು ಸಂಪಾದಿಸಿದರು. ಕ್ರಿಸ್ತನ ಚರಿತೆಯನ್ನು ಹೇಳುವ ಇದು ಒಂಬತ್ತನೆಯ ಶತಮಾನದ್ದು. ಸುಮಾರು ಆರು ಸಾವಿರ ಸಾಲುಗಳುಳ್ಳದ್ದು. ಹಸ್ತಪ್ರತಿಗಳಲ್ಲಿಯಾದರೋ ಪದ್ಯದ ಸಾಲುಗಳನ್ನು ಬಿಡಿಸದೆ ಗದ್ಯದಂತೆ ಒಂದೇ ಸಮನೆ ಬರೆದಿದೆ. ನಮ್ಮ ಓಲೆಗರಿಗಳ ಸ್ಥಿತಿಯೂ ಇದೇ ಅಲ್ಲವೆ? ಈ ಬಗೆಯ ಪದ್ಯದಲ್ಲಿ ಸಾಲಿನ ಎರಡು ಅರ್ಧಗಳನ್ನು ಬಿಗಿಯುವುದು ಒತ್ತಿ ನುಡಿವ ಶಬ್ದಗಳ ಮೊದಲ ಧ್ವನಿಯ ಪುನರಾವೃತ್ತಿ. ನಮ್ಮಲ್ಲಿ ಸಾಲುಗಳನ್ನು ಕಟ್ಟುವ ದ್ವಿತೀಯಾಕ್ಷರ ಪ್ರಾಸವನ್ನು ಇದಕ್ಕೆ ಹೋಲಿಸಬಹುದು. ಎರಡೂ ಕಿವಿಗೆಂದು ಮಾಡಿದ ಏರ್ಪಾಡುಗಳು. ಆದರೆ ಜರ್ಮನರಲ್ಲಿ ಅದನ್ನು ನುಡಿದು ತೋರಿಸುವವರ ಪರಂಪರೆ ಎಂದೋ ಕಡಿದುಹೋಗಿತ್ತು. ಒತ್ತು ಎಲ್ಲಿ, ಇಳುಕು ಎಲ್ಲಿ ಎಂಬುದನ್ನು ಸೀವರ್ಸರು ಅಕ್ಷರಗಳಿಂದಲೇ ಊಹಿಸಿ, ಅರ್ಧಸಾಲುಗಳನ್ನು ಐದು ಬಗೆಯಾಗಿ ವಿಂಗಡಿಸಬೇಕಾಯಿತು. ಮುಂದೆ ಅವರು ಗಟ್ಟಿಯಾಗಿ ಓದಿದಾಗ ಕೇಳುವ ಧ್ವನಿಯಿಂದಲೇ ಕವಿ ಯಾರೆಂದು ಗುರುತಿಸಹೊರಟರು. ಅದನ್ನು ಅನೇಕ ಪಂಡಿತರು ಒಪ್ಪಲಿಲ್ಲ, ನಾವೂ ಒಪ್ಪಲಾರೆವು. ಒಬ್ಬನ ಕಿವಿ ಕೇಳಿದುದನ್ನು ಮತ್ತೊಬ್ಬನು ಪರೀಕ್ಷಿಸುವುದು ಹೇಗೆ?

ಹರ್ಮನ್ ಮೋಗ್ಲಿಂಗರೂ ಜರ್ಮನರೇ. 1848ರಿಂದ 1853ರವರೆಗೆ ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ ಮೊದಲಾದ ಕನ್ನಡ ಕಾವ್ಯಗಳನ್ನು ಹೊರತಂದ ಅವರ ಉಪಕಾರ ದೊಡ್ಡದು. ಆದರೆ ಅಚ್ಚು ಅಕ್ಷರವನ್ನು ಉಳಿಸೀತು, ಉಸಿರನ್ನು ಉಳಿಸದು. ಭಾಮಿನಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವುವು. ಕುಮಾರವ್ಯಾಸನ ಮಾತು ಗಣವನ್ನೂ ಸಾಲನ್ನೂ ದಾಟಿ ಹರಿಯುವುದು. ಲಯ ಕೆಡದಂತೆ ಅರ್ಥಕ್ಕೆ ತಕ್ಕಲ್ಲಿ ನಿಲ್ಲಿಸುವುದೇ ಗಮಕಿಯ ವಿದ್ಯೆ. ಒಮ್ಮೆ ಒಂದು ಪದ್ಯಕ್ಕೆ ನಾವು ತರಗತಿಯಲ್ಲಿ ಅರ್ಥ ಹೇಳಿ ಬಂದ ಮೇಲೆ, ಊರಿನ ಹಿರಿಯರೊಬ್ಬರು ಅದನ್ನೇ ವಾಚಿಸಿದರು. ಅವರು ನಿಲ್ಲಿಸಿದ ಒಂದೆಡೆಯಿಂದಲೇ ನಾವು ಶಬ್ದವನ್ನು ತಪ್ಪಾಗಿ ಬಿಡಿಸಿದ್ದೆವೆಂಬುದು ಗೊತ್ತಾಯಿತು. ಮರುದಿನ ತರಗತಿಯಲ್ಲಿ ತಿದ್ದಿಕೊಳ್ಳಬೇಕಾಯಿತು.

ಸೀವರ್ಸರಿಗೆ ಕೇಳಲು ಇಂತಹ ಹಿರಿಯರು ಯಾರೂ ಇರಲಿಲ್ಲ. ನಮಗೆ ಇದ್ದಾರೆ, ಅವರಲ್ಲಿ ಹಲವರಿಗೆ ಶಿಷ್ಯರಿಲ್ಲ.